ಆರು ಶೀಟಿನ ನೆರಳು

ಎಂಟನೆಯ ದಿನದ ಬೆಳಿಗ್ಗೆ ಅಂಗಳದಲ್ಲಿ ಗುಡಾರವಿರಲಿಲ್ಲ. ಸಾವಿಗೆಂದು ಕಟ್ಟಿದ್ದ ಉಣ್ಣೆಯ ಗುಡಾರವನ್ನು ಹಿಂದಿನ ಸಂಜೆಯೇ ಬಿಚ್ಚಿ, ಬಾಡಿಗೆಗೆ ಕೊಟ್ಟವನು ಗಾಡಿಗೆ ಹೇರಿಕೊಂಡು ಹೋಗಿದ್ದ. ಏಳು ದಿನ ಅದರೊಳಗೆ ಗೋಡೆಗೆ ಮುಖ ಮಾಡಿ ಕೂತು ನಾನು ರಾಗವಾಗಿ ಅತ್ತಿದ್ದೆ. ಹಾಗೆ ಅಳುವುದು ಪದ್ಧತಿ. ಬಂದವರು ಹೊರಗೆ ನಿಂತು ಕೇಳಿ, ಸೊಸೆ ಚೆನ್ನಾಗಿ ಅಳುತ್ತಾಳೆ ಎಂದು ಮೆಚ್ಚಿಕೊಂಡು ಊಟಕ್ಕೆ ಹೋದರು.

ಈಗ ಹಂಡೆ ಉಜ್ಜಬೇಕಿತ್ತು. ತಳಕ್ಕೆ ಕುದುರೆಯ ಕೊಬ್ಬು ಅಂಟಿಕೊಂಡಿತ್ತು. ನನ್ನ ಗಂಡ ಜಾನಿಶ್ ಸಾಕಿದ್ದ ಕಂದು ಕುದುರೆ. ಅವನ ಸಾವಿಗೆ ಬಂದವರು ಅದನ್ನು ಎರಡು ದಿನದಲ್ಲಿ ಮುಗಿಸಿದರು. ಪ್ರವಾಹ ಎಲ್ಲವನ್ನೂ ಕೊಚ್ಚಿಕೊಂಡು ಹೋಯಿತೆಂದು ಗೋಳಾಡುತ್ತಿದ್ದ ಊರಿನ ಹಲ್ಲುಗಳು ಮಾತ್ರ ಗಟ್ಟಿಯಾಗಿಯೇ ಇದ್ದವು.

ಏಪ್ರಿಲ್ ಕೊನೆಯಲ್ಲಿ ಬೆಟ್ಟದಿಂದ ಕೆಸರು ಇಳಿದಿತ್ತು. ಅಕ್ರೋಟು ಕಾಡನ್ನು ನಡುವೆ ಸೀಳಿ, ಮರಗಳನ್ನು ಬೇರುಸಹಿತ ಎತ್ತಿ, ತಂದು ಸೇತುವೆಗೆ ಒಟ್ಟಿತು. ಮೂರನೆಯ ದಿನ ದಿಮ್ಮಿಗಳನ್ನು ಬಿಡಿಸಲು ಅರಣ್ಯ ಕಚೇರಿ ತನ್ನ ಕೆಲಸಗಾರರನ್ನು ನೀರಿಗಿಳಿಸಿತು. ಜಾನಿಶ್ ಅರಣ್ಯ ಕಾವಲುಗಾರ. ದಿಮ್ಮಿ ಬಿಡಿಸುವುದು ಅವನ ಕೆಲಸವಲ್ಲ. ಇಳಿ ಎಂದರು, ಇಳಿದ. ಒಂದು ದಿಮ್ಮಿ ಉರುಳಿತು. ಅಂದು ಭಾನುವಾರವಾದ್ದರಿಂದ ಕೆಲಸದ ಮೇಲೆ ಸತ್ತ ಹಾಗೆ ಆಗುವುದಿಲ್ಲ ಎಂದು ಕಚೇರಿಯವರು ಆಮೇಲೆ ತಿಳಿಸಿದರು. ವಾರದ ಲೆಕ್ಕದಲ್ಲಿ ಅವರು ಬಹಳ ಖಚಿತ.

ಹಂಡೆ ಇನ್ನೂ ಅರ್ಧ ಉಜ್ಜಿದ್ದೆ, ಪರಿಹಾರದ ಲಾರಿ ಬಂದು ಗೇಟಿನ ಮುಂದೆ ನಿಂತಿತು. ಡ್ರೈವರ್ ಕಾಗದ ಹಿಡಿದು ಇಳಿದ.

“ಇದು ಯಾರ ಮನೆ ಅಪಾ? ಮನೆತನದ ಹೆಸರೇನು?”

ಅಪಾ, ಅಂದರೆ ಅಮ್ಮ, ಎಂದದ್ದು ಅತ್ತೆಯನ್ನು. ಅವರು ಒಳಗೆ ಹೋಗಿ ತಮ್ಮ ಪಾಸ್‌ಪೋರ್ಟ್ ತಂದು ಅವನ ಮೂಗಿನ ಕೆಳಗೆ ಹಿಡಿದರು.

“ಹೆಸರು ಕೇಳಿದ್ರೆ ಪಾಸ್‌ಪೋರ್ಟ್ ಯಾಕೆ? ನಾನೇನು ಪೊಲೀಸಾ?”

“ಕಣ್ಣಿದೆಯಲ್ಲ, ಓದ್ಕೋ.”

ನಮ್ಮ ಮನೆತನದ ಹೆಸರು ಬಂದದ್ದು ಜಾನಿಶನ ಅಜ್ಜನಿಂದ. ಅವರ ಹೆಸರು ತೊಕೊಯ್‌ಬಾಯ್. ನಮ್ಮ ಕಿರ್ಗಿಜ್ ಮಾತಿನಲ್ಲಿ ತೊಕೊಯ್ ಎಂದರೆ ಕಾಡು. ಸೊಸೆಯಾಗಿ ಬಂದವಳು ಗಂಡನ ಮನೆಯ ಹಿರಿಯರ ಹೆಸರನ್ನು ಬಾಯಲ್ಲಿ ತರಬಾರದು, ಹೆಸರಿನೊಳಗಿರುವ ಪದವನ್ನೂ ತರಬಾರದು. ಆದ್ದರಿಂದ ಅತ್ತೆ ನಲವತ್ತೊಂದು ವರ್ಷದಿಂದ ಕಾಡನ್ನು ‘ನೆರಳು’ ಎನ್ನುತ್ತಾರೆ. ನೆರಳಿಗೆ ಹೋಗಿ ಸೌದೆ ತಾ. ನೆರಳಲ್ಲಿ ಹಿಮ ಕರಗಿದೆಯಾ ನೋಡು. ಓಶ್ ನಗರದಲ್ಲಿ ನಾಲ್ಕು ವರ್ಷ ಸಸ್ಯಶಾಸ್ತ್ರ ಓದಿ, ಅಕ್ರೋಟು ಕಾಡಿನ ಮೇಲೆ ಎಂಬತ್ತು ಪುಟದ ಪ್ರಬಂಧ ಬರೆದು ಬಂದ ನಾನೂ ಮದುವೆಯಾದ ವಾರದಲ್ಲೇ ನೆರಳು ಎನ್ನತೊಡಗಿದೆ. ವಾದ ಮಾಡುವುದಕ್ಕಿಂತ ಅದು ಸುಲಭ.

ಬಾವನ, ಅಂದರೆ ಜಾನಿಶನ ಅಣ್ಣನ, ಹೆಸರನ್ನೂ ನಾನು ಹೇಳುವುದಿಲ್ಲ. ಇಲ್ಲಿ ಬರೆಯುವುದೂ ಇಲ್ಲ. ಅದಕ್ಕೆ ಕಾರಣ ಪದ್ಧತಿಯಲ್ಲ.

ಡ್ರೈವರ್ ಆರು ಸಿಮೆಂಟ್ ಶೀಟು ಇಳಿಸಿದ. ಜೊತೆಗೆ ಒಂದು ಜೊತೆ ರಬ್ಬರ್ ಬೂಟು.

“ಬೂಟು ಅರಣ್ಯ ಕೆಲಸಗಾರರಿಗೆ. ಸಹಿ ಅವನೇ ಹಾಕ್ಬೇಕು.”

“ಅವನು ಸತ್ತಿದ್ದಾನೆ,” ಎಂದೆ.

ಅವನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. “ಸತ್ತವರಿಗೆ ಇದ್ರಲ್ಲಿ ಜಾಗ ಇಲ್ಲ. ನೀವೇ ಹಾಕಿ.”

ಬೂಟು ನಲವತ್ತೈದನೇ ನಂಬರಿನದು. ಜಾನಿಶನದು ನಲವತ್ತೊಂದು. ಸಹಿ ಹಾಕಿದೆ.

“ಈ ಶೀಟು ಯಾತಕ್ಕೆ?” ಅತ್ತೆ ಕೇಳಿದರು.

ಡ್ರೈವರ್ ಓದಿದ: “ಹಾನಿ: ಅಕ್ರೋಟಿನ ನೆರಳು, ಹಳೆಯದು, ಒಂದು. ಪರಿಹಾರ: ಶೀಟು ಆರು.”

ಅತ್ತೆಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಹಾನಿಯ ಲೆಕ್ಕ ತೆಗೆಯುವವರು ಬಂದಾಗ ನಾನು ಗುಡಾರದೊಳಗಿದ್ದೆ. ಬಿಶ್ಕೆಕ್‌ನಿಂದ ಬಂದ ಹುಡುಗಿಯೊಬ್ಬಳು ಕೈಯಲ್ಲಿ ಟ್ಯಾಬ್ ಹಿಡಿದು ಅತ್ತೆಯನ್ನು ಕೇಳಿದ್ದಳು, ಏನು ಹೋಯಿತು ಅಜ್ಜಿ? ಅತ್ತೆ ಹೇಳಿದ್ದರು, ನಮ್ಮ ಅಕ್ರೋಟಿನ ನೆರಳೆಲ್ಲ ಹೋಯಿತು. ಎಷ್ಟು ಹಳೆಯದು? ನಮ್ಮ ಮಾವನ ಕಾಲದ್ದು. ಅಂಗಳದಲ್ಲಿ ಬಿಸಿಲಿಗೆ ಹಾಕುವ ಚಪ್ಪರವೆಂದು ತಿಳಿದು ಹುಡುಗಿ ಹಾಗೆಯೇ ಬರೆದುಕೊಂಡಳು. ಅವಳ ಜೊತೆ ಬಂದಿದ್ದ ಅರಣ್ಯ ಕಚೇರಿಯ ಉಪನಿರ್ದೇಶಕ ಈ ಊರಿನಲ್ಲೇ ಹುಟ್ಟಿದವನು, ಅವನ ಹೆಂಡತಿಯೂ ಮನೆಯಲ್ಲಿ ಹೀಗೆಯೇ ಮಾತಾಡುತ್ತಾಳೆ. ಅವನು ತಿದ್ದಬಹುದಿತ್ತು. ಆದರೆ ಅವನು ಆಗ ಮೂಳೆ ಚೀಪುತ್ತಿದ್ದ.

ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತೆವು. ಬಾವ ಮತ್ತು ಓರಗಿತ್ತಿ ಜುಮಾಗುಲ್ ಇದೇ ಅಂಗಳದ ಆಚೆ ಬದಿಯ ಮನೆಯಲ್ಲಿದ್ದಾರೆ. ನಮ್ಮಲ್ಲಿ ತಂದೆಯ ಮನೆ ಕಿರಿಯ ಮಗನಿಗೆ. ಜಾನಿಶ್ ಕಿರಿಯವನು. ಅವನು ಸತ್ತ ದಿನದಿಂದ ಅವರ ಊಟ ಈ ಬದಿಗೆ ಬಂದಿತ್ತು. ನಾನು ಹಿಟ್ಟಿನ ಎಳೆ ಕತ್ತರಿಸಿ ಹಾಕಿ ಸಾರು ಮಾಡಿದ್ದೆ. ಬಟ್ಟಲು ಹಂಚುತ್ತ ಬಾವನಿಗೆ ವಿಷಯ ಹೇಳಿದೆ. ಬಾವನನ್ನು ಬೈಕೆ ಎಂದು, ಓರಗಿತ್ತಿಯನ್ನು ಎಜೆ, ಅಂದರೆ ಅಕ್ಕ, ಎಂದು ಕರೆಯುವುದು ರೂಢಿ.

“ಕಾವಲುಗಾರ ಸತ್ತರೆ ಅವನ ಗುತ್ತಿಗೆಯ ಕಾಡಿನ ತುಂಡು ಕಚೇರಿಗೆ ವಾಪಸು ಹೋಗುತ್ತೆ ಬೈಕೆ. ಹಾನಿ ಪಟ್ಟಿಯಲ್ಲಿ ಕಾಡು ಅಂತ ಇದ್ರೆ ಮಾತ್ರ ಗುತ್ತಿಗೆ ಮನೆಯವರ ಹೆಸರಿಗೆ ಬರೀತಾರೆ. ಸಸಿ ಕೊಡ್ತಾರೆ, ಐದು ವರ್ಷ ಬಾಡಿಗೆ ಇಲ್ಲ. ಈಗ ಪಟ್ಟಿಯಲ್ಲಿ ಚಪ್ಪರ ಇದೆ.”

ಕಾಡು ಎನ್ನುವಲ್ಲಿ ನಾನು ನೆರಳು ಎಂದೇ ಹೇಳಿದ್ದೆ. ಅತ್ತೆ ಎದುರಿಗಿದ್ದರು.

ಬಾವ ಸಾರು ಸೊರ್ರೆಂದು ಹೀರಿದರು. “ಶೀಟು ಚೆನ್ನಾಗಿವೆ. ನಮ್ಮ ಕೊಟ್ಟಿಗೆ ಸೋರ್ತಿದೆ.”

“ತುಂಡು ಹೋದ್ರೆ ನಾವು ತಿನ್ನೋದೇನು?”

“ತುಂಡು ಅಂತ ಏನು ಬಡ್ಕೋತೀಯ? ಅರ್ಧ ಕೆಸರಲ್ಲಿದೆ.”

“ಅರ್ಧ ಉಳಿದಿದೆ. ನೂರಾ ಹತ್ತು ಮರ.”

“ಎಣಿಸಿಬಿಟ್ಟಿದ್ದಾಳೆ,” ಜುಮಾಗುಲ್ ರೊಟ್ಟಿ ಮುರಿಯುತ್ತ ಹೇಳಿದಳು. “ಗಂಡನ ಮಣ್ಣು ಇನ್ನೂ ಒಣಗಿಲ್ಲ. ಹೆಸರು ಹಿಡಿದು ಕರೀತಿದ್ಲು ಅವನನ್ನ, ಜಾನಿಶ್ ಜಾನಿಶ್ ಅಂತ. ಆಯಸ್ಸು ಎಲ್ಲಿ ಉಳಿಯುತ್ತೆ?”

“ನೀವು ನಿಮ್ಮ ಗಂಡನನ್ನ ಏನಂತ ಕರೀತೀರಿ ಎಜೆ?”

“ಮಗನ ಅಪ್ಪ ಅಂತೀನಿ.”

“ಹಾಗಾದ್ರೆ ಬಹಳ ವರ್ಷ ಬದುಕ್ತಾರೆ ಬಿಡಿ,” ಎಂದೆ.

ಅತ್ತೆ ಚಮಚ ಕೆಳಗಿಟ್ಟರು. “ಕೆಲಿನ್, ಚಹಾ ಹಾಕು.” ಸೊಸೆಯರನ್ನು ಹಾಗೆ ಕರೆಯುವುದು. ನನ್ನ ಹೆಸರು ಬುರುಲ್ ಎಂಬುದು ಅವರಿಗೆ ನೆನಪಿದೆಯೋ ಇಲ್ಲವೋ.

ಮರುದಿನ ಶೀಟುಗಳು ಬಾವನ ಕೊಟ್ಟಿಗೆ ಹತ್ತಿದವು. ಮೊಳೆ ಹೊಡೆಯುವಾಗ ಅವರ ಕಾಲಲ್ಲಿ ಹೊಸ ಬೂಟಿತ್ತು. ಅಳತೆ ಸರಿಹೋಗಿತ್ತು.

ಹನ್ನೆರಡನೆಯ ದಿನ ನಾನು ಕಚೇರಿಗೆ ಹೊರಟೆ. ವಿಧವೆ ನಲವತ್ತು ದಿನ ಗೇಟು ದಾಟಬಾರದು. ಅತ್ತೆ ತಡೆಯಲಿಲ್ಲ, ಒಬ್ಬಳನ್ನೇ ಬಿಡಲೂ ಇಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡು, ನನ್ನ ಐದು ವರ್ಷದ ಮಗಳು ಸೆಜಿಮಳ ಕೈ ಹಿಡಿದು ಹಿಂದೆಯೇ ಬಂದರು. ಅರ್ಜಿಯನ್ನು ನಾನೇ ಬರೆದಿದ್ದೆ. ಕಾಡು ಎಂಬ ಪದ ಅದರಲ್ಲಿ ಒಂಬತ್ತು ಸಲ ಇತ್ತು. ದಾರಿಯಲ್ಲಿ ಅತ್ತೆಗೆ ತೋರಿಸಿದೆ, ಬರೆದರೆ ತಪ್ಪೇ ಎಂದು.

“ಕೈಗೆ ಬಾಯಿಲ್ಲ,” ಎಂದರು. “ಬರಿ.”

ಉಪನಿರ್ದೇಶಕ ಅರ್ಜಿಯನ್ನು ಓದದೆ ಮಡಚಿದ. ಅವನ ಮೇಜಿನ ಮೇಲೆ ಸೂರ್ಯಕಾಂತಿ ಬೀಜದ ಸಿಪ್ಪೆ ಇತ್ತು.

“ನಿಮ್ಮ ದುಃಖ ನಮ್ಮ ದುಃಖ,” ಎಂದ. “ಆದ್ರೆ ಕಾಗದದ ಮೇಲೆ ಪಟ್ಟಿ ತಿದ್ದೋದಿಲ್ಲ. ಹೋದ ಸಲ ಎಲ್ಲ ಸುಳ್ಳು ಕಾಗದ ಬಂತು. ಈ ತಿಂಗಳ ಕೊನೇಲಿ ಕ್ಲಬ್ಬಿನಲ್ಲಿ ಸಭೆ ಇದೆ. ಊರ ಮುಂದೆ ಎದ್ದು ನಿಂತು ಬಾಯಲ್ಲಿ ಹೇಳ್ಬೇಕು.”

“ನೀವು ನಮ್ಮ ಮನೆಗೆ ಬಂದಿದ್ರಿ. ಅದು ಚಪ್ಪರ ಅಲ್ಲ ಅಂತ ನಿಮಗೆ ಗೊತ್ತು.”

“ನನಗೆ ಗೊತ್ತಿರೋದು ಬೇರೆ, ಟ್ಯಾಬಿಗೆ ಗೊತ್ತಿರೋದು ಬೇರೆ.” ನಕ್ಕ. ಅತ್ತೆಯ ಕಡೆ ತಿರುಗಿದ. “ಏನು ಅಪಾ, ಈಗಲೇ ಹೇಳಿ ನೋಡೋಣ. ಏನು ಹೋಯ್ತು ನಿಮ್ಮದು?”

“ನೆರಳು,” ಎಂದರು ಅತ್ತೆ.

ಅವನು ಮೇಜು ತಟ್ಟಿ ನಕ್ಕ. ಪಕ್ಕದ ಕೋಣೆಯ ಗುಮಾಸ್ತೆಯೂ ನಕ್ಕಳು. ಅತ್ತೆಯ ಕಿವಿ ಕೆಂಪಾಯಿತು. ನನಗೆ ನಗುವವರ ಮೇಲೆ ಸಿಟ್ಟು ಬಂತು, ಅತ್ತೆಯ ಮೇಲೆ ಅದಕ್ಕಿಂತ ಹೆಚ್ಚು ಬಂತು.

“ಮನೆಯ ಗಂಡಸನ್ನ ಕಳಿಸಿ,” ಎಂದ. “ಅವನ ನಾಲಿಗೆಗೆ ಅಡ್ಡಿಯಿಲ್ಲ.”

ಮನೆಯ ಗಂಡಸು ಒಪ್ಪಿದರು. “ಹೇಳ್ತೀನಿ, ಅದಕ್ಕೇನು? ಒಂದು ಮಾತು ತಾನೇ?” ಎಂದರು. ಅಂದು ಸಂಜೆ ನಾನು ಅವರಿಗಾಗಿ ಒಣ ಏಪ್ರಿಕಾಟು ಹಾಕಿ ಅನ್ನ ಮಾಡಿದೆ. ಎಂಟು ದಿನ ಮಾಡಿದೆ, ಬೇರೆ ಬೇರೆ. ಕೋಳಿ ಎರಡು ಹೋದವು. ಈರುಳ್ಳಿ ಹೆಚ್ಚಿದೆ, ಬಟ್ಟಲು ತೊಳೆದೆ. ಊರ ಹೆಂಗಸರು ಬಂದು, ಇವಳು ಬಾವನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಹಾಗೆಯೇ ಇರಬೇಕು ಎಂದು ಹೇಳಿ ಒಂದೊಂದು ಬಟ್ಟಲು ಚಹಾ ಕುಡಿದು ಹೋದರು.

ಈ ಉಪಚಾರ ಶುರುವಾದ ಒಂಬತ್ತನೆಯ ದಿನ ಜುಮಾಗುಲ್ ಬಾಯಿಬಿಟ್ಟಳು. ನಾವಿಬ್ಬರೂ ತಂದೂರಿನ ಬಳಿ ಇದ್ದೆವು. ಅವಳು ಹಿಟ್ಟು ತಟ್ಟುತ್ತಿದ್ದಳು, ನಾನು ಒಳಗೆ ಅಂಟಿಸುತ್ತಿದ್ದೆ.

“ಶರತ್ಕಾಲದಲ್ಲಿ ಕಾಯಿ ಉದುರಿಸೋಕೆ ನಿನ್ನನ್ನೂ ಕರೀತೀವಿ,” ಎಂದಳು. “ಮೂರರಲ್ಲಿ ಒಂದು ಪಾಲು ಕೊಡ್ತೀವಿ. ಬೇರೆಯವರಾದ್ರೆ ನಾಲ್ಕರಲ್ಲಿ ಒಂದು ಕೊಡೋದು.”

“ಯಾರ ಕಾಯಿ ಎಜೆ?”

“ಯಾರದ್ದು ಅಂದ್ರೆ? ತುಂಡು ಕಚೇರಿಗೆ ಹೋಗುತ್ತಲ್ಲ, ನಾವು ಅರ್ಜಿ ಹಾಕಿದ್ದೀವಿ. ಹೊರಗಿನವರ ಪಾಲಾಗೋದಕ್ಕಿಂತ ಮನೇಲೇ ಇರ್ಲಿ ಅಂತ.”

ಒಂದು ರೊಟ್ಟಿ ಜಾರಿ ಕೆಂಡಕ್ಕೆ ಬಿತ್ತು. ತೆಗೆಯಲಿಲ್ಲ.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಬಾವನನ್ನು ಕೇಳಿದೆ. ಅವರು ತಲೆ ಎತ್ತಲೂ ಇಲ್ಲ.

“ನೀನು ಓದಿದೋಳು. ಓಶ್‌ಗೆ ಹೋಗು, ಕೆಲಸ ಸಿಗುತ್ತೆ. ಮಗೂನ ಇಲ್ಲೇ ಬಿಡು, ಅಪಾ ನೋಡ್ಕೋತಾರೆ. ಹೆಂಗಸು ಮರ ಹತ್ತಿ ಕಾಯಿ ಉದುರಿಸ್ತಾಳಾ?”

“ನೀವು ಯಾವತ್ತು ಹತ್ತಿದ್ರಿ ಬೈಕೆ? ಆರು ವರ್ಷದಿಂದ ನೋಡ್ತಿದ್ದೀನಿ, ನೀವು ಕೆಳಗೆ ಕೂತು ಚೀಲ ಎಣಿಸ್ತೀರಿ.”

“ನೋಡಿ ಅಪಾ! ಕೇಳಿಸ್ಕೊಂಡ್ರಾ ಇವಳ ಮಾತು?”

“ಕಿವುಡಿ ಅಲ್ಲ ನಾನು,” ಅತ್ತೆ ಹೇಳಿದರು. “ಎಣಿಸೋದು ನಿಜ ತಾನೇ?”

ಬಾವ ಎದ್ದು ಹೋದರು. ಬಟ್ಟಲನ್ನು ಖಾಲಿ ಮಾಡಿಯೇ ಎದ್ದರು.

ಸಭೆಯ ದಿನ ಕ್ಲಬ್ಬಿನಲ್ಲಿ ಇಡೀ ಊರಿತ್ತು. ಕಾಡಿನ ತುಂಡು ಕಳೆದುಕೊಂಡವರು, ಕೂಲಿ ಕಳೆದುಕೊಂಡವರು, ಏನೂ ಕಳೆದುಕೊಳ್ಳದೆ ಹಿಟ್ಟಿನ ಚೀಲಕ್ಕೆ ಬಂದವರು. ಕಳೆದುಕೊಂಡವರು ಹಿಂದೆ ಕೂತಿದ್ದರು. ಮುಂದಿನ ಸಾಲಿನವರು ಪಟ್ಟಿಯ ಮೊದಲ ಹತ್ತು ನಂಬರಿನಲ್ಲಿದ್ದರು. ಅವರ ತುಂಡುಗಳೆಲ್ಲ ಗುಡ್ಡದ ಮೇಲಿವೆ, ಅಲ್ಲಿಗೆ ಹನಿ ಕೆಸರೂ ಹೋಗಿಲ್ಲ. ಅವರಿಗೆ ನಾಲ್ಕು ನೂರು ಸಸಿ.

“ಮೂವತ್ತೆರಡು,” ಉಪನಿರ್ದೇಶಕ ಓದಿದ. “ಚಪ್ಪರ ಒಂದು. ಶೀಟು ಆರು, ಮುಟ್ಟಿದೆ. ತಕರಾರು ಉಂಟಾ?”

ಬಾವ ಮೂರನೆಯ ಸಾಲಿನಲ್ಲಿದ್ದರು. ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

“ತಕರಾರು ಇಲ್ಲದಿದ್ರೆ ಮೂವತ್ಮೂರು...”

“ಇದೆ,” ಎಂದು ನಾನು ಎದ್ದೆ.

ಕಪ್ಪು ಬಟ್ಟೆಯ ಹೆಂಗಸು ಎದ್ದದ್ದಕ್ಕೆ ಗುಸುಗುಸು ಶುರುವಾಯಿತು. “ಕೂತ್ಕೋ ತಂಗಿ, ಮನೆಯ ಗಂಡಸು ಇದ್ದಾರಲ್ಲ,” ಎಂದ ಅವನು.

“ಇದ್ದಾರೆ. ಬೂಟಿನಲ್ಲಿದ್ದಾರೆ. ನಾನು ಹೇಳ್ತೀನಿ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಉಪನಿರ್ದೇಶಕ ಪೆನ್ನು ತೆಗೆದು, ಕುರ್ಚಿಗೆ ಒರಗಿ, ನಿಧಾನವಾಗಿ ಕೇಳಿದ, “ಮನೆತನದ ಹೆಸರು?” ಅವನಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ನಾನು ಪಾಸ್‌ಪೋರ್ಟಿಗೆ ಕೈಹಾಕುತ್ತೇನೆಂದು ಕಾಯುತ್ತಿದ್ದರು. ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದರು. ಅವರ ಮೊಣಕಾಲು ನನ್ನ ಲಂಗಕ್ಕೆ ತಾಗುತ್ತಿತ್ತು.

“ತೊಕೊಯ್‌ಬಾಯೆವಾ,” ಎಂದೆ. “ಹೋದದ್ದು ತೊಕೊಯ್. ಅಕ್ರೋಟಿನ ತೊಕೊಯ್, ಮೂರು ಹೆಕ್ಟೇರಿನಲ್ಲಿ ಅರ್ಧ. ತೊಕೊಯ್‌ಬಾಯ್ ಕಾಯ್ದ ತೊಕೊಯ್. ಚಪ್ಪರ ಅಲ್ಲ. ಬರ್ಕೊಳ್ಳಿ.”

ಕೇಳಬಾರದ್ದು ಕೇಳಿದೆವೆಂದು ಮುದುಕಿಯರು ತಮ್ಮ ಕೊರಳಪಟ್ಟಿ ಹಿಡಿದುಕೊಂಡರು. ಮೊಣಕಾಲು ನನ್ನ ಲಂಗದಿಂದ ದೂರ ಸರಿಯಿತು.

“ಅಪಾ,” ಉಪನಿರ್ದೇಶಕನ ನಗು ಮಾಯವಾಗಿತ್ತು, “ಮನೆಗೆ ಹಿರಿಯರು ನೀವು. ಇವಳು ಹೇಳ್ತಿರೋದು ಸರಿಯಾ?”

“ನನ್ನನ್ನ ಯಾಕೆ ಕೇಳ್ತೀಯ? ಹೇಳಿದ್ಲಲ್ಲ, ಬಾಯಿಗೆ ಬಾಗಿಲಿಲ್ಲದೋಳು.”

“ಅಂದ್ರೆ ಸುಳ್ಳು ಅಂತೀರಾ?”

“ಸುಳ್ಳು ಅಂದ್ನಾ ನಾನು? ಬಾಗಿಲಿಲ್ಲ ಅಂದೆ. ನಿನ್ನ ಕಿವಿಯಲ್ಲೂ ಸಿಪ್ಪೆ ತುಂಬಿದೆಯಾ?”

ಕ್ಲಬ್ಬು ನಕ್ಕಿತು. ಅವನು ಬರೆದುಕೊಂಡ. ಷರತ್ತುಗಳನ್ನೂ ಹಾಕಿದ, ಹಾಕದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. ಶೀಟು ಆರೂ ವಾಪಸು ಕೊಡಬೇಕು. ಗುತ್ತಿಗೆ ನನ್ನ ಹೆಸರಿಗೆ ಬರಲು ಮನೆಯ ಹಿರಿಯರ ಒಪ್ಪಿಗೆ ಸಹಿ ಬೇಕು. ಬುಧವಾರ ಕಡೆಯ ದಿನ.

ದಾರಿಯುದ್ದಕ್ಕೂ ಅತ್ತೆ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದರು. ಮನೆಗೆ ಬಂದು ತಾವೇ ಹಿಟ್ಟು ಕಲಸಿ ತಮಗೆ ಬೇರೆ ರೊಟ್ಟಿ ಸುಟ್ಟುಕೊಂಡರು. ಮೂರು ದಿನ ನನ್ನ ಕೈಯ ಚಹಾ ಕುಡಿಯಲಿಲ್ಲ. ಒಪ್ಪಿಗೆ ಕಾಗದವನ್ನು ನಾನು ಕಿಟಕಿಯ ಮೇಲೆ ಇಟ್ಟಿದ್ದೆ. ಅವರು ಅದರ ಮೇಲೆ ಉಪ್ಪಿನ ಡಬ್ಬಿ ಇಟ್ಟರು. ಬಾವ ಕೊಟ್ಟಿಗೆಯ ಮೇಲೆ ಹತ್ತಿ ಶೀಟು ಬಿಚ್ಚಿದರು. ಎರಡು ಒಡೆದವು. ಅವಕ್ಕೆ ಬದಲು ಕೊಳ್ಳಬೇಕಾಗಿ ಬಂದಾಗ ಅವರ ಬಾಯಿಂದ ಬಂದ ಮಾತುಗಳಲ್ಲಿ ಅಜ್ಜನ ಹೆಸರೂ ಇತ್ತು. ಗಂಡಸರಿಗೆ ಅದಕ್ಕೆ ಅಡ್ಡಿಯಿಲ್ಲ.

ಸೋಮವಾರ ಕಚೇರಿಯ ಕಾವಲಿನವನು ಜಾನಿಶನ ಚೀಲ ತಂದುಕೊಟ್ಟ. ಸೇತುವೆಯ ಬಳಿ ಬಿಟ್ಟಿದ್ದ ಚೀಲ. ಇಷ್ಟು ದಿನ ಕಚೇರಿಯ ಬೀರುವಿನ ಹಿಂದೆ ಬಿದ್ದಿತ್ತಂತೆ. ಅಂಗಳದ ಮಂಚದ ಮೇಲೆ ಸುರಿದೆ. ಒಣಗಿದ ಅರ್ಧ ರೊಟ್ಟಿ, ಚಾಕು, ಹಗ್ಗ, ಬಟ್ಟೆಯಲ್ಲಿ ಸುತ್ತಿದ ಗುರುತು ಸುತ್ತಿಗೆ.

ನಮ್ಮ ಕಾಡಿನಲ್ಲಿ ಬಿದ್ದ ಮರವನ್ನು ಯಾರೂ ಹಾಗೆಯೇ ಎತ್ತುವಂತಿಲ್ಲ. ಕಾವಲುಗಾರ ತನ್ನ ಸುತ್ತಿಗೆಯಿಂದ ಅದರ ಬುಡಕ್ಕೆ ಹೊಡೆದು ನಂಬರ್ ಒತ್ತಬೇಕು. ನಂಬರ್ ಇದ್ದರೆ ಪ್ರವಾಹಕ್ಕೆ ಬಿದ್ದ ಮರ, ಇಲ್ಲದಿದ್ದರೆ ಕದ್ದು ಕಡಿದದ್ದು. ಜಾನಿಶನದು ಒಂಬತ್ತನೇ ನಂಬರ್. ಅದು ಸವೆದು ಹೋಗಿ ಮಾರ್ಚ್‌ನಿಂದ ರಿಪೇರಿಗೆ ಹೋಗಿತ್ತು. ಈ ಸುತ್ತಿಗೆಯ ಮುಖದಲ್ಲಿ ಹದಿನೇಳು ಎಂದಿತ್ತು.

ಬಾವ ಅಂಗಳ ದಾಟಿ ಬಂದದ್ದು ನನಗೆ ತಿಳಿಯಲೇ ಇಲ್ಲ.

“ಹದಿನೇಳು ಮೇಲಿನ ಕೇರಿ ಕಾವಲುಗಾರ ಮುದುಕ ಆಶಿರ್‌ದು,” ಎಂದರು. “ಕಚೇರಿಗೆ ಹೇಳದೆ ಸಾಲ ಕೊಟ್ಟಿದ್ದಾನೆ. ಹೇಳಿದ್ರೆ ಅವನ ಕೆಲಸವೇ ಹೋಗುತ್ತೆ. ಅಂದ್ರೆ ಇದು ಇಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ.” ಮಂಚದ ತುದಿಯಲ್ಲಿ ಕೂತರು. ಧ್ವನಿ ಇದ್ದಕ್ಕಿದ್ದಂತೆ ಮೆತ್ತಗಾಗಿತ್ತು. “ಬುರುಲ್, ಎರಡು ದಿನ ಕೊಡು ಇದನ್ನ. ಬಂಡೆ ಹತ್ರ ಮೂರು ಹಳೇ ಮರ ಇವೆಯಲ್ಲ, ಬುಡದಲ್ಲಿ ಒಂದೊಂದಕ್ಕೂ ಇಷ್ಟಿಷ್ಟು ಗಂಟು. ಮೇಜು ಕುರ್ಚಿ ಮಾಡೋರಿಗೆ ಆ ಗಂಟೇ ಬೇಕು, ವ್ಯಾಪಾರಿ ಪೇಟೇಲಿ ಕಾಯ್ತಿದ್ದಾನೆ. ನಂಬರ್ ಹೊಡೆದ್ರೆ ಪ್ರವಾಹದ ಲೆಕ್ಕ.”

“ಅವು ನಿಂತಿವೆ ಬೈಕೆ.”

“ಕಡಿದ್ರೆ ಬೀಳುತ್ತೆ.”

“ಆಮೇಲೆ?”

“ಆಮೇಲೆ ಅಪಾ ಅವರ ಸಹಿ ನಾನೇ ಹಾಕಿಸಿಕೊಡ್ತೀನಿ. ತುಂಡು ನಿನ್ನ ಹೆಸರಿಗೆ. ನೀನು ಊರ ಮುಂದೆ ಮಾಡಿದ್ದಕ್ಕೆ ಅವರು ತಾವಾಗೇ ಹಾಕೋದಿಲ್ಲ, ನಿನಗೂ ಗೊತ್ತು. ಬುಧವಾರಕ್ಕೆ ವಾಯಿದೆ ಮುಗಿಯುತ್ತೆ.”

ನನ್ನ ಹೆಸರನ್ನು ಅವರು ಹೇಳಿದ್ದು ಅದೇ ಮೊದಲು. ನಾನು ಲೆಕ್ಕ ಹಾಕಿದೆ. ಮೂರು ಮರ ಹೋದರೆ ನೂರಾ ಏಳು ಉಳಿಯುತ್ತವೆ. ಸುತ್ತಿಗೆ ಕೊಡದಿದ್ದರೆ ಒಂದೂ ಉಳಿಯುವುದಿಲ್ಲ. ಸಸ್ಯಶಾಸ್ತ್ರ ಬೇಕಾಗಿಲ್ಲ ಇದಕ್ಕೆ. ಕೊಡಬಹುದು ಎಂದು ಅನಿಸಿತು. ಹಾಗೆ ಅನಿಸಿದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ.

“ಯಾವ ಮೂರು?” ಅತ್ತೆ ಕೇಳಿದರು.

ಅವರು ಗೋಡೆಯ ಬಳಿ ನೆರಳಿನಲ್ಲಿ ಕೂತು, ಗಟ್ಟಿ ಮೊಸರನ್ನು ಉಂಡೆ ಕಟ್ಟಿ ಹಲಗೆಯ ಮೇಲೆ ಒಣಗಲು ಇಡುತ್ತಿದ್ದರು. ಮೂರು ದಿನದಲ್ಲಿ ಆಡಿದ ಮೊದಲ ಮಾತು.

“ಬಂಡೆ ಹತ್ರದ್ದು ಅಪಾ. ಮುದಿ ಮರ. ಹೇಗೂ ಒಣಗುತ್ತೆ.”

“ಹೋದ ವರ್ಷ ಹನ್ನೊಂದು ಚೀಲ ಕಾಯಿ ಬಿಟ್ಟಿದ್ದು ಅವೇ ಅಲ್ವಾ?”

“ಒಂದು ಗಂಟಿನ ಬೆಲೆ ಹತ್ತು ವರ್ಷದ ಕಾಯಿಗೆ ಸಮ. ನಿಮಗೆ ಅರ್ಥ ಆಗೋಲ್ಲ.”

ಅತ್ತೆ ಇನ್ನೊಂದು ಉಂಡೆ ಕಟ್ಟಿದರು. “ಪಾರ್ಟಿಯವರು ರೈಲ್ವೆ ಹಲಗೆಗೆ ಆ ಮರ ಕಡಿಯೋಕೆ ಬಂದಾಗ ಅವರು ಹೋಗಿ ಬುಡದಲ್ಲಿ ಮಲಗಿದ್ರು. ನಾಲ್ಕು ದಿನ. ನಾನು ಹೊಸ ಕೆಲಿನ್, ಅಲ್ಲಿಗೇ ಊಟ ತಗೊಂಡು ಹೋಗ್ತಿದ್ದೆ. ಮುಖ ನೋಡ್ತಿರಲಿಲ್ಲ, ಬಟ್ಟಲು ಇಟ್ಟು ಬರ್ತಿದ್ದೆ.” ಯಾರು ಎಂದು ಅವರು ಹೇಳಲಿಲ್ಲ, ಹೇಳಬೇಕಾಗಿರಲಿಲ್ಲ. “ನಲವತ್ತೊಂದು ವರ್ಷ ಅವರ ಹೆಸರು ನನ್ನ ನಾಲಿಗೆ ಮೇಲೆ ಬಂದಿಲ್ಲ. ನೀನು ಮೊಮ್ಮಗ, ದಿನಕ್ಕೆ ಹತ್ತು ಸಲ ಹೇಳ್ತೀಯ. ಮೊನ್ನೆ ಶೀಟು ಒಡೆದಾಗಲೂ ಹೇಳಿದೆ.”

“ಅಪಾ, ಈಗ ಆ ಮಾತು ಯಾಕೆ...”

“ಇವಳು ಬಾಯಲ್ಲಿ ಕೆಡಿಸಿದ್ಲು. ನೀನು ಕೊಡಲೀಲಿ ಕೆಡಿಸ್ತೀಯ. ಬಾಯಿ ತೊಳ್ಕೋಬಹುದು.” ಕೈಯನ್ನು ಲಂಗಕ್ಕೆ ಒರೆಸಿಕೊಂಡರು. “ಕೆಲಿನ್, ಆ ಕಾಗದ ತಾ. ಉಪ್ಪಿನ ಡಬ್ಬಿ ಕೆಳಗಿದೆ.”

ತಂದುಕೊಟ್ಟೆ. ಮೊಣಕಾಲಿನ ಮೇಲಿಟ್ಟುಕೊಂಡು ಪೂರ್ತಿ ಓದಿದರು, ಎರಡು ಸಲ. ಆಮೇಲೆ ಮನೆತನದ ಹೆಸರನ್ನು ಒಂದೊಂದೇ ಅಕ್ಷರವಾಗಿ, ಶಾಲೆಯ ಹುಡುಗಿಯ ಹಾಗೆ ಬರೆದರು. ಕಾಗದಕ್ಕೆ ಮೊಸರು ಮೆತ್ತಿತು.

“ಇದನ್ನ ನಾಳೆ ಕೊಡು. ಆ ಸುತ್ತಿಗೆ ಯಾರದ್ದೋ ಅವರಿಗೆ ಕೊಡು. ಈಗ ಹೋಗಿ ಬಾಯಿ ತೊಳ್ಕೊಂಡು ಬಂದು ರೊಟ್ಟಿ ಸುಡು. ನನ್ನ ಕೈ ನೋಯುತ್ತೆ.”

ಕಾಲುವೆಗೆ ಹೋಗಿ ಬಾಯಿ ಮುಕ್ಕಳಿಸಿದೆ. ನೀರಿನಲ್ಲಿ ಇನ್ನೂ ಕೆಸರಿತ್ತು.

ಮಂಗಳವಾರ ಕಚೇರಿಯಲ್ಲಿ ಕಾಗದ ಕೊಟ್ಟೆ. ಉಪನಿರ್ದೇಶಕ ಮೊಸರಿನ ಕಲೆಯನ್ನು ಉಗುರಿನಿಂದ ಕೆರೆದು, ಮುದ್ರೆ ಒತ್ತಿ, ಪ್ರತಿಯನ್ನು ನನ್ನ ಕಡೆ ತಳ್ಳಿದ. ‘ಬುರುಲ್, ವಿಧವೆ, ಕಾಡು, ಮೂರು ಹೆಕ್ಟೇರ್’ ಎಂದಿತ್ತು. ಮಡಚಿ ಎದೆಯೊಳಗಿಟ್ಟುಕೊಂಡು ಹಾಗೆಯೇ ಮೇಲಿನ ಕೇರಿಗೆ ನಡೆದೆ.

ಆಶಿರ್ ಮುದುಕನ ಮನೆಯ ಒಂದು ಗೋಡೆ ಕೆಸರಿಗೆ ಹೋಗಿತ್ತು. ಆ ಬದಿಗೆ ಕಂಬಳಿ ಕಟ್ಟಿದ್ದ. ಅಂಗಳದ ತುಂಬ, ಅದರಾಚೆ ದಾರಿಯುದ್ದಕ್ಕೂ, ಜನ ಕೆಸರಿನಿಂದ ಎಳೆದು ತಂದ ದಿಮ್ಮಿಗಳು ಬಿದ್ದಿದ್ದವು. ಒಂದರ ಬುಡದಲ್ಲೂ ನಂಬರ್ ಇರಲಿಲ್ಲ.

“ಅತಾ, ನಿಮ್ಮದು,” ಎಂದು ಬಟ್ಟೆ ಬಿಚ್ಚಿ ಕೊಟ್ಟೆ.

ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. “ಬಂತಾ,” ಎಂದ. “ನಲವತ್ತು ಕಳೀಲಿ ಅಂತ ಕಾಯ್ತಿದ್ದೆ ಮಗಳೇ. ಸಾವಿನ ಮನೆಗೆ ಸುತ್ತಿಗೆ ಕೇಳ್ಕೊಂಡು ಹೇಗೆ ಬರ್ಲಿ?”

“ಕೇಳಬೇಕಿತ್ತು. ಎಲ್ಲರೂ ಕೇಳೋದನ್ನೆಲ್ಲ ನಾಲ್ಕನೇ ದಿನವೇ ಕೇಳಿದ್ರು.”

“ಈ ಕೇರಿ ಹನ್ನೆರಡು ಮನೆಯವರು ದಿಮ್ಮಿ ಮಾರೋಕಾಗದೆ ಕೂತಿದ್ದಾರೆ. ದಿನಾ ಬೈತಾರೆ ನನ್ನ. ಸೊಂಟ ಹಿಡ್ಕೊಂಡಿದೆ, ಹೊಡೆಯೋಕಾಗಲ್ಲ ಅಂತ ಸುಳ್ಳು ಹೇಳ್ಕೊಂಡು ಮಲಗಿದ್ದೆ. ಕಚೇರಿಗೂ ಅದನ್ನೇ ಹೇಳಿದ್ದೆ. ಬೂಟು ಕಳಿಸಿದ್ರು. ಎರಡೂ ಎಡಗಾಲಿನದು.”

ಅವನು ಸುತ್ತಿಗೆಯನ್ನು ತಿರುಗಿಸಿ ನೋಡಿದ. ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದ.

“ಈ ಹಿಡಿ ನನ್ನದಲ್ಲ. ನನ್ನದು ಸೀಳಿತ್ತು. ಹೊಸದು ಹಾಕಿದ್ದಾನೆ, ಅಕ್ರೋಟಿನದು.” ಹೊಸ್ತಿಲ ಕಲ್ಲಿಗೆ ತಲೆಯನ್ನು ಒತ್ತಿ ಹಿಡಿದು, ಹಿಡಿಯನ್ನು ಕಳಚಲು ಗುದ್ದತೊಡಗಿದ. “ಕಬ್ಬಿಣ ನನ್ನದು. ಇದು ನಿಮ್ಮದು, ತಗೊಂಡು ಹೋಗು. ಸಂಜೆಯೊಳಗೆ ಬೇರೆ ಕೆತ್ಕೋತೀನಿ.”

“ಬಿಡಿ ಅತಾ.”

“ಇಲ್ಲ ಇಲ್ಲ, ಸತ್ತವನ ವಸ್ತು...”

“ಬಿಡಿ ಅಂದೆ!” ನನ್ನ ಧ್ವನಿ ಅಷ್ಟು ಜೋರಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಆ ಒಂದು ತಿಂಗಳಲ್ಲಿ ಬಂದಿರಲಿಲ್ಲ. “ಮನೆಗೆ ತಗೊಂಡು ಹೋದ್ರೆ ಅದರಲ್ಲಿ ಒಲೆ ಕೆದಕ್ತಾರೆ. ಹಾಕ್ಕೊಳ್ಳಿ.”

ಮುದುಕ ನನ್ನ ಮುಖ ನೋಡಿದ. ಆಮೇಲೆ ಹಿಡಿಯ ಬುಡವನ್ನು ಕಲ್ಲಿಗೆ ಎರಡು ಸಲ ಕುಟ್ಟಿ ತಲೆಯನ್ನು ಬಿಗಿ ಮಾಡಿಕೊಂಡ. ಬಾಗಿಲ ಹತ್ತಿರದ ದಿಮ್ಮಿಯ ಕಡೆ ನಡೆದ. ಸೊಂಟ ಹಿಡಿದವನ ನಡಿಗೆ ಅದಲ್ಲ.

ನಾನು ಹೊರಟೆ. ಹಿಂದಿನಿಂದ ಹೊಡೆತ ಕೇಳಿಸಿತು. ಒಂದು. ಸ್ವಲ್ಪ ತಡೆದು ಇನ್ನೊಂದು. ಬೇಲಿಗಳ ಹಿಂದಿನಿಂದ ಜನ ಹೊರಗೆ ಬರುತ್ತಿದ್ದರು. ತಿರುವಿನವರೆಗೆ ಎಣಿಸಿದೆ, ಹದಿನಾಲ್ಕಾಯಿತು. ಆಮೇಲೆ ಅವು ಒಂದರ ಮೇಲೊಂದು ಬೀಳತೊಡಗಿದವು. ಎಣಿಸುವುದನ್ನು ಬಿಟ್ಟೆ.